ಸಂದು

ಉದ್ಯಮಬಾಗದ ಫೌಂಡ್ರಿಯ ಹಿಂದಿನ ಶೆಡ್ಡಿನಲ್ಲಿ
ಪುಂಡಲೀಕ ಲೋಹಾರ ಕಂಪ್ರೆಸರಿನ ಸಿಲಿಂಡರಿಗೆ
ಇಪ್ಪತ್ತಮೂರು ಕಡೆ ತಂತಿ ಬೆಸೆದು
ಒಂದೊಂದರ ಪಕ್ಕ ಸೀಮೆಸುಣ್ಣದ ಅಂಕಿ ಬರೆದ.
ಎರಡು ತಾಸು ಓಡಿಸಿ, ಎಣ್ಣೆಗೈಯಲ್ಲೇ
ನೋಟ್‌ಬುಕ್ಕಿಗೆ ಉಷ್ಣ ಇಳಿಸಿ ಕೊಟ್ಟ.
ಹದಿನೇಳರ ಮುಂದೆ ಮಾತ್ರ ಒಂದು ಅಡ್ಡಗೆರೆ:
"ತಂತಿ ಕಡಕೊಂಡು ಬಿತ್ರಿ ಮೇಡಮ್."

ನನ್ನ ಪರದೆಯ ಸಿಲಿಂಡರಿಗೆ
ಎರಡು ಲಕ್ಷ ಹನ್ನೊಂದು ಸಾವಿರ ಗಂಟು,
ನಾಲ್ಕು ಮುಖದ ಹರಳುಗಳನ್ನು ಮೈಗೆ ಮೈ ಹಚ್ಚಿ ಹೆಣೆದ ಬಲೆ.
ಊರಿಗೆ ಊರೇ ಕೂತಿದೆ,
ಸುದ್ದಿ ಗೊತ್ತಿದ್ದವರು ಇಪ್ಪತ್ತೆರಡೇ ಮಂದಿ.
ಉಳಿದವರು ಕೇಳಿ ತಿಳಿಯಬೇಕು.

ಕೇಳುವುದಕ್ಕೂ ರೀತಿ ಇದೆ.
ಹತ್ತಿರದವರ ಮಾತಿಗೆ ತೂಕ ಹೆಚ್ಚು,
ದೂರ ಇಮ್ಮಡಿಯಾದರೆ ಮಾತು ಕಾಲುಪಾಲು.
ಕೇಳಲು ಯಾರೂ ಸಿಗದ ಗಂಟಿಗೆ
ಸೊನ್ನೆ.

ಮೊದಲ ಸಲ ಇಡೀ ಸಿಲಿಂಡರು ನೀಲಿ.
ಅವನು ಅಳೆದದ್ದು ಮಿಲಿಮೀಟರು,
ನಾನು ಮೀಟರೆಂದು ಓದಿಸಿದ್ದೆ;
ಚುಕ್ಕೆಗಳೆಲ್ಲ ಶೆಡ್ಡು ಬಿಟ್ಟು, ಚಹಾದಂಗಡಿ ದಾಟಿ
ಬಸ್ ಸ್ಟಾಪಿನಲ್ಲಿ ಹೋಗಿ ನಿಂತಿದ್ದವು.
ಗಂಟುಗಂಟಿಗೂ ಸೊನ್ನೆ,
ಬೆಳಗಾವಿಯ ಡಿಸೆಂಬರಿಗೂ ಗೊತ್ತಿಲ್ಲದ ಸೊನ್ನೆ.

ತಿದ್ದಿದೆ. ಬಣ್ಣ ಬಂತು.
ಒಳಗೋಡೆ ಕೆಂಪು, ನೂರ ಅರವತ್ತೆಂಟು.
ಹೊರಗೋಡೆ ಹಸಿರು, ನಲವತ್ತೇಳು.
ನಡುವೆ ನೀರು ಹರಿಯುವ ಬೆರಳಗಲದ ಸಂದು.
ಹೊರಗೋಡೆಯ ಎಡಕ್ಕೆ ಮಾತ್ರ, ಹದಿನೇಳು ಇರಬೇಕಾದಲ್ಲಿ,
ಅಂಗೈಯಗಲ ಕೆಂಪು ಹುಣ್ಣು.

ಪುಂಡಲೀಕ ಚಿತ್ರ ನೋಡಿ ನಕ್ಕ.
"ಇಲ್ಲೇ ಕೈ ಊರಿ ನಿಂತು ಚಹಾ ಕುಡೀತೇನ್ರಿ ದಿನಾ.
ಇಷ್ಟ ಸುಡತಿದ್ರ ಈ ಕೈ ಎಲ್ಲಿ ಉಳೀತಿತ್ತು?"
ತಿರುವಿ ತೋರಿಸಿದ.
ಆ ಅಂಗೈಯೇ ಹದಿನೇಳನೆಯ ಚುಕ್ಕೆ.

ಆದದ್ದಿಷ್ಟು: ಸುದ್ದಿಯಿಲ್ಲದ ಗಂಟು ಹತ್ತಿರದವರನ್ನು ಹುಡುಕಿತ್ತು;
ನೀರಿನಾಚೆ, ಒಳಗೋಡೆಯ ಒಂಬತ್ತು ಸಿಕ್ಕಿತ್ತು.
ಅಳತೆಯ ದಾರ ನೇರ ಹಾಯುತ್ತದೆ,
ಅದಕ್ಕೆ ನೀರು ಕಾಣುವುದಿಲ್ಲ.
ಉಷ್ಣ ಬರಬೇಕಾದರೆ ಕಬ್ಬಿಣ ಹಿಡಿದು ಸುತ್ತಿ ಬರಬೇಕು.

ಪಟ್ಟಿಯನ್ನು ಎರಡಾಗಿ ಒಡೆದೆ.
ಒಳಗಿನವರು ಒಳಗಿನವರನ್ನೇ ಕೇಳಲಿ,
ಹೊರಗಿನವರು ಹೊರಗಿನವರನ್ನ.
ಹುಣ್ಣು ಮಾಯಿತು. ವರದಿ ಕಳಿಸಿದೆ.

ಖಾಸಬಾಗದಲ್ಲಿ ನನ್ನ ಬಚ್ಚಲ ಗೋಡೆಯಾಚೆ
ಚಂದ್ರಭಾಗಾ ಹವಳರ ಮಗ್ಗ.
ಮೂರು ವರ್ಷದಿಂದ ಅದರ ಖಟಖಟದಲ್ಲೇ ನನಗೆ ಬೆಳಗು,
ಅವರ ಮುಖ ಸರಿಯಾಗಿ ನೋಡಿದ್ದು ಎರಡು ಸಲ.
ಸೋಮವಾರದಿಂದ ಮಗ್ಗ ಸುಮ್ಮನಿದೆ.
ನೂಲು ಬಂದಿರಲಿಕ್ಕಿಲ್ಲ ಎಂದ ಕಿರಾಣಿಯವ.
ಮಗಳ ಊರಿಗೆ ಹೋಗಿರಬೇಕು ಎಂದಳು ಹಾಲಿನಾಕೆ.
ಎರಡನ್ನೂ ತೂಗಿ ನಡುವಿನ ಒಂದು ಉತ್ತರ
ನಾನೇ ತುಂಬಿಕೊಂಡು ಮಲಗಿದ್ದೆ.

ಶುಕ್ರವಾರ ಹಂಡೆಯ ಒಲೆ ಹಚ್ಚಿಟ್ಟು
ಚಪ್ಪಲಿ ಮೆಟ್ಟಿದೆ.
ಗೋಡೆ ಒಂಬತ್ತು ಇಂಚು.
ದಾರಿ: ನಮ್ಮ ಗೇಟು, ಹಿಟ್ಟಿನ ಗಿರಣಿ, ಮುಚ್ಚಿದ ಬಾವಿ,
ಎರಡು ತಿರುವು, ನೂರ ನಲವತ್ತು ಹೆಜ್ಜೆ.

ಕಾಲಿಗೆ ಪಟ್ಟಿ ಸುತ್ತಿಕೊಂಡು ನೆಲದ ಮೇಲೆ ಕೂತಿದ್ದರು,
ಗೋಡೆಗೆ ಬೆನ್ನು ಕೊಟ್ಟು, ಮಡಿಲ ತುಂಬ ಖಾಲಿ ಕಂಡಿಕೆ.
ಯಾರು ಎಂದು ಕೇಳಲಿಲ್ಲ.
"ಬಾ ಯವ್ವಾ, ಇಲ್ಲೇ ಕೂಡು, ಬೆಚ್ಚಗೈತಿ.
ನಿನ್ನ ಹಂಡೇದ ಒಲಿ ಹತ್ತಿತಂದ್ರ
ಈ ಗ್ವಾಡಿ ನನಗ ಕಂಬಳಿ ಇದ್ದಂಗ.
ಮೂರು ಚಳಿಗಾಲ ಇಲ್ಲೇ ತಗದೇನಿ."

ಅವರ ಭುಜದ ಪಕ್ಕ, ಸುಣ್ಣ ಉದುರಿದಲ್ಲಿ
ಅಂಗೈ ಇಟ್ಟೆ.
ಮೂವತ್ತಾರು ಇರಬಹುದು. ಮೂವತ್ತೆಂಟು.
ಇಲ್ಲಿ ಯಾರೂ ತಂತಿ ಬೆಸೆದಿಲ್ಲ.