ನಾಲ್ಕನೇ ಜ್ವರ ಬಿಟ್ಟ ಮೇಲೆ

ಕಾರ್ಡು ಬರುವುದು ಮಾಘದಲ್ಲಿ. ತಾರೀಖು ಇರುವುದಿಲ್ಲ.
"ಹುಳಕ್ಕೆ ನಾಲ್ಕನೇ ಜ್ವರ. ಬಿಟ್ಟ ದಿನ ಫೋನು ಮಾಡುತ್ತೇನೆ,
ಹೊತ್ತಗೆ ಕಟ್ಟಿಟ್ಟುಕೊಂಡಿರಿ."
ಅಕ್ಕಲಪ್ಪನ ಕೈ. ಮೂಲೆಯಲ್ಲಿ ಸೊಪ್ಪಿನ ಹಸಿರಂಟಿದ ಹೆಬ್ಬೆಟ್ಟು.

ಶಿಡ್ಲಘಟ್ಟದಲ್ಲಿ ಬಸ್ಸಿಳಿದು, ಗೂಡಿನ ಮಾರ್ಕೆಟ್ಟಿನ ವಾಸನೆ ದಾಟಿ
ಮೂರು ಮೈಲಿ ಆಟೋದಲ್ಲಿ, ಮಡಿಲಲ್ಲಿ ಗಂಟು.
ಹತ್ತು ಹನ್ನೆರಡು ಜನ:
ಮುಳಬಾಗಿಲಿನ ಷಫಿ ಜಮಾದಾರರು, ಒಂದೇ ಕಣ್ಣಿಗೆ ಎರಡು ಮಸೂರ;
ಹೊಸದುರ್ಗದ ತಿಪ್ಪಣ್ಣಾಚಾರ್, ತಾಳೆಗರಿಯನ್ನು ಮೂಗಿನಲ್ಲೇ ಓದಿ
ಇದು ನಿಂಬೆಹುಲ್ಲಿನೆಣ್ಣೆ, ಇದು ಬರೀ ಅಡುಗೆಮನೆ ಹೊಗೆ ಎನ್ನುವವರು;
ಪಾರಿಜಾತಾ ಮೇಡಂ, ರಿಟೈರಾದ ಮೇಲೆ
ಕಳೆದ ಹಾಳೆಗಳನ್ನಷ್ಟೇ ಹುಡುಕುವವರು.
ನಾನು ಚಿಂತಾಮಣಿಯ ರಟ್ಟು ಕಟ್ಟುವವ.
ಓದಿದ್ದು ಕಡಿಮೆ, ಹೊಲಿದದ್ದು ಬಹಳ.

ಬಾಗಿಲಲ್ಲೇ ಪಿಳ್ಳಮ್ಮ ಚೀಲ ತಡಕುತ್ತಾಳೆ.
ನುಸಿಗುಳಿಗೆ ಇದ್ದರೆ ಊರಾಚೆ ಎಸೆದು ಬರಬೇಕು,
ಬಜೆಬೇರು, ಹೊಗೆಸೊಪ್ಪು, ಜಮಾದಾರರ ಅತ್ತರು,
ಎಲ್ಲ ಹೊರಗೆ. "ಒಳಗೆ ನನ್ನ ಮಕ್ಕಳು ಉಣ್ತಾವೆ."
ಹುಳಕ್ಕೆ ಹೆದರಿ ಬಾಳಿದವರು ನಾವು. ವರ್ಷಕ್ಕೆ ಏಳು ದಿನ
ಹುಳದ ಮನೆಯಲ್ಲಿ
ಒಂದು ಬೇವಿನೆಲೆಯೂ ಇಲ್ಲದೆ ಕೂರುತ್ತೇವೆ.

ಖಾಲಿ ಚಂದ್ರಿಕೆಗಳನ್ನು ಅಂಗಳದಲ್ಲಿ ಮಲಗಿಸಿ
ಬಿದಿರ ಸುತ್ತುಗಳ ಮೇಲೆ ಹೊತ್ತಗೆ ಬಿಚ್ಚಿದ್ದೆವು, ಎಳೆಬಿಸಿಲಿಗೆ.
ಊಟವಾಗಿ ಜೊಂಪು ಹತ್ತಿದಾಗ
ಹೊಸಬ, ಗುಬ್ಬಿಯ ಹುಡುಗ, ಕಿರುಚಿಕೊಂಡ:
ಮಳೆ! ಮಳೆ! ಪುಸ್ತಕ!
ಪಂಚೆ ಎತ್ತಿ ಓಡಿದೆವು, ಒಂಬತ್ತು ವರ್ಷದಿಂದ ಬರುವ ನಾನೂ.
ಮೇಲೆ ಮೋಡದ ಚೂರಿಲ್ಲ.
ಗೋಡೆಯಾಚೆ ಸಾವಿರ ಸಾವಿರ ಬಾಯಿ
ಹಿಪ್ಪುನೇರಳೆ ಎಲೆಯ ಮೇಲೆ ಸುರಿಯುತ್ತಿದ್ದವು.

ಮೂರನೇ ದಿನ ಜಮಾದಾರರು ಬಿಚ್ಚಿದ್ದು ಒಂದು ಕೈಬರಹ.
ಮೊದಲಿಲ್ಲ, ಕೊನೆಯಿಲ್ಲ, ಬರೆದವರ ಹೆಸರಿಲ್ಲ.
ಇರುವುದೊಂದು ತೂತು,
ದಬ್ಬಣದಲ್ಲಿ ಚುಚ್ಚಿದ ಹಾಗೆ, ಎಪ್ಪತ್ತು ಹಾಳೆಯ ಈಚೆಯಿಂದ ಆಚೆಗೆ.
ಅರವತ್ತೊಂಬತ್ತರಲ್ಲಿ ಸಾಲುಗಳ ನಡುವಿನ ಬಿಳಿಯನ್ನೇ ತಿಂದಿತ್ತು, ಪುಣ್ಯಾತ್ಮ.
ಒಂದರಲ್ಲಿ ಮಾತ್ರ ಅಕ್ಷರ:

ಮಡಕೆಯಲ್ಲಿ ಹಾ◯ ಬಚ್ಚಿಟ್ಟಿದ್ದಳು, ಗಂಡನಿಗೂ ಹೇಳದೆ.

ಹಾಲು, ಎಂದರು ಆಚಾರ್. ಬಡವರ ಮನೆ, ಇನ್ನೇನಿರುತ್ತದೆ?
ಹಾವು, ಎಂದರು ಜಮಾದಾರರು. ಹಾಲಾದರೆ ಯಾರು ಕೂತು ಬರೆಯುತ್ತಿದ್ದರು?
ಹಾಡು, ಎಂದರು ಪಾರಿಜಾತಾ, ಯಾರ ಕಡೆಗೂ ನೋಡದೆ.
ಹಾಳೆ ಇರಬಹುದೇ, ಎಂದ ಗುಬ್ಬಿಯ ಹುಡುಗ.
ನಕ್ಕೆವು. ಆಮೇಲೆ ನಗಲಿಲ್ಲ.

ತೂತಿನ ಅಂಚಿಗೆ ಟಾರ್ಚು ಹಿಡಿದರು, ಉಳಿದ ಮಸಿಯ ಕೂದಲು
ಕೊಂಬಿನದೋ ಏತ್ವದ್ದೋ ಎಂದು ಹಣೆ ಹಣೆ ತಾಗಿಸಿದರು.
ಐದನೇ ದಿನ ಮಾತು ಬಿಟ್ಟರು.
ಮುದ್ದೆ ಆರಿತು, ಬಸ್ಸಾರೂ.

ಸೊಪ್ಪಿನ ಕುಕ್ಕೆ ಹೊತ್ತ ಪಿಳ್ಳಮ್ಮ ನಿಂತು ಬಗ್ಗಿದಳು.
ಓದು ಬಾರದು. ತೂತಿನ ಸುತ್ತ ಬೆರಳಾಡಿಸಿ,
"ಎಷ್ಟು ನೆಟ್ಟಗೆ ಹೋಗೈತೆ! ನಮ್ಮವು ತಲೆ ಆಡಿಸ್ಕೊಂಡು ತಿಂತಾವೆ.
ಇಷ್ಟು ತಿಂದಿದ್ದು ಗೂಡು ಎಲ್ಲಿ ಕಟ್ತು?"
ಜಮಾದಾರರು ಮಸೂರ ಇಳಿಸಿದರು.
ನಲವತ್ತು ವರ್ಷ ತೂತು ಮುಚ್ಚಿದ್ದೇನೆ ನಾನು, ಮೈದಾ ಅಂಟಿನಲ್ಲಿ.
ಕೇಳಿಕೊಂಡವನಲ್ಲ.

ಏಳನೇ ಬೆಳಗು, ತೀರ್ಮಾನಕ್ಕೆಂದು ಚಾಪೆ ಹಾಸಿದ್ದೆವು.
ಪಿಳ್ಳಮ್ಮ ಹುಳವೊಂದನ್ನು ಬಿಸಿಲಿಗೆ ಹಿಡಿದಳು:
ಮೈಯೊಳಗೆ ಬೆಳಕು ಹಾಯುತ್ತಿತ್ತು.
"ಹಣ್ಣಾದವು. ಚಂದ್ರಿಕೆ ಬಿಡಿ."

ಅಷ್ಟೆ. ಹೊತ್ತಗೆ ಎತ್ತಿದೆವು. ಅವು ಮಲಗಿದ್ದ ಸುತ್ತುಗಳಲ್ಲಿ
ಒಂದೊಂದೇ ಹುಳ ಬಿಟ್ಟೆವು. ಆಚಾರರ ಕೈ ನಡುಗಿತು,
ಹಾವು ಎಂದಿದ್ದ ಜಮಾದಾರರು ಅವರ ಮಣಿಕಟ್ಟು ಹಿಡಿದುಕೊಂಡರು.

ಕೈಬರಹ ನನ್ನ ಪಾಲಿಗೆ. "ಬೆನ್ನು ಹೊಲಿ. ತೂತು ಹಾಗೇ ಇರಲಿ."
ಬಸ್ಸಿನ ಕಿಟಕಿಗೆ ಹಿಡಿದು ಅದರೊಳಗಿಂದ ನೋಡಿದೆ:
ನೇರಳೆ ಸಾಲು, ಬೋರ್‌ವೆಲ್ಲಿನ ಪೈಪು, ಬೈಕಿನ ಮೇಲೆ ಗೂಡಿನ ಚೀಲ,
ಕಂಕುಳಲ್ಲಿ ಬಾಯಿಕಟ್ಟಿದ ಬಿಂದಿಗೆಯವಳೊಬ್ಬಳು, ಕೈ ಅಡ್ಡ ಹಿಡಿದು.
ಬಸ್ಸು ತುಂಬಿತ್ತು. ನಿಲ್ಲಲಿಲ್ಲ.