ಕಾಯ್ದಿರಿಸಲಾಗಿದೆ

ವಿಚ್ಛೇದನದ ತೀರ್ಪಿನ ಒಂಬತ್ತನೇ ಪುಟದಲ್ಲಿ
ನಾನೊಂದು ವಾಕ್ಯವಾಗಿದ್ದೇನೆ:
‘ಮಗುವಿನ ಕಾಲೇಜು ವೆಚ್ಚದ ಪ್ರಶ್ನೆಯನ್ನು
ಕಾಯ್ದಿರಿಸಲಾಗಿದೆ.’
ಆಗ ನನಗೆ ಆರು. ಮುಂದಿನ ಎರಡು ಹಲ್ಲು ಬಿದ್ದಿದ್ದವು.
ಮನೆ ಅಮ್ಮನಿಗೆ, ಟ್ರಕ್ಕು ಅಪ್ಪನಿಗೆ;
ಹಿಮ ಬಾಚುವ ಯಂತ್ರ ಯಾರಿಗೆಂದು
ನಲವತ್ತು ನಿಮಿಷ ವಾದ ನಡೆಯಿತಂತೆ.
ನನ್ನ ವಾಕ್ಯಕ್ಕೆ ಯಾರೂ ತಕರಾರು ತೆಗೆಯಲಿಲ್ಲ.

ಕಾಯ್ದು, ಇರಿಸಲಾಗಿದೆ.
ಬಿಡಿಸಿ ಓದಿದರೆ ಯಾರೋ ಹೊಸ್ತಿಲಲ್ಲಿ ಕೂತು
ರಾತ್ರಿಯಿಡೀ ಕಾದಂತೆ ಕೇಳಿಸುತ್ತದೆ.
ಕಾದದ್ದು ಕಾಗದ ಮಾತ್ರ,
ಜೋಲಿಯೆಟ್ ಊರಿನ ಕೋರ್ಟಿನ ನೆಲಮಾಳಿಗೆಯ ರಟ್ಟಿನ ಪೆಟ್ಟಿಗೆಯಲ್ಲಿ.

ಅಪ್ಪ, ಡಾರಿಲ್ ಸ್ಟುಕೆಲ್, ನದಿಯ ಲಾಕಿನಲ್ಲಿ ಕೆಲಸಗಾರ.
ಜಲ್ಲಿ ಹೊತ್ತ ದೋಣಿಗಳನ್ನು ನೀರಿನ ಮೇಲೆ ಎತ್ತುತ್ತಾನೆ, ಇಳಿಸುತ್ತಾನೆ.
ಒಂದು ಬಾಗಿಲು ಮುಚ್ಚದೆ ಇನ್ನೊಂದನ್ನು ತೆರೆಯಬಾರದು:
ಅವನಿಗೆ ಬಾಯಿಪಾಠವಾದ ಕಾನೂನು ಅದೊಂದೇ.

ಆಗಸ್ಟಿನಲ್ಲಿ ಕಾಲೇಜಿನ ಬಿಲ್ಲು ಬಂತು.
ಅಮ್ಮ ಅದನ್ನು ಫ್ರಿಜ್ಜಿನ ಬಾಗಿಲಿಗೆ,
ಜೋಳದ ತೆನೆಯಂಥ ಅಯಸ್ಕಾಂತದಡಿ ಸಿಕ್ಕಿಸಿದಳು.
‘ಕೇಳ್ತೀನಿ, ಈ ವಾರ ಕೇಳ್ತೀನಿ’ ಅಂದಳು.
ಕೇಳುವ ಬದಲು ಶನಿವಾರವೂ
ದಂತವೈದ್ಯರ ಕ್ಲಿನಿಕ್ಕಿನಲ್ಲಿ ಫೋನೆತ್ತಿದಳು.
ಕೈಚಾಚಲು ನಾಚಿಕೆ. ಮುಯ್ಯಿ ತೀರಿಸದ ಸಾಲವೇನೋ ಎಂಬಂತೆ
ಅವನ ಹೆಸರನ್ನು ನುಂಗಿಕೊಂಡಳು.
ಅರ್ಜಿ ಹಾಕಿದ್ದು ಜನವರಿಯಲ್ಲಿ.

ವಕೀಲೆ ಆಸ್ಟ್ರಾಂಡರ್ ಕನ್ನಡಕ ತೆಗೆದು ಹೇಳಿದಳು:
‘ಅರ್ಜಿ ಹಾಕಿದ ದಿನದಿಂದ ಮುಂದಕ್ಕೆ ಮಾತ್ರ ಕೇಳಬಹುದು.
ಹಿಂದಿನದು ಹೋಯ್ತು.’
ಹಾಗಾಗಿ ಆ ಶರತ್ಕಾಲ
ನಾನು ಓದಿಯೂ ಓದದ ಕಾಲ.
ಕಪ್ಪೆಯ ಪುಟ್ಟ ಗುಂಡಿಗೆಯನ್ನು ಇಕ್ಕುಳದಲ್ಲಿ ಹಿಡಿದದ್ದು,
ಹಾಸ್ಟೆಲ್ಲಿನ ಬಿಸಿನೀರಿಗಾಗಿ ಐದಕ್ಕೆ ಎದ್ದದ್ದು,
ಎಲ್ಲ ಕಾನೂನಿನ ಲೆಕ್ಕದಾಚೆಗೆ.

ಎದುರುಮನೆಯ ಬ್ರೆನನ್
ಗೋದಾಮಿನಲ್ಲಿ ರಾತ್ರಿಪಾಳಿ ಪೆಟ್ಟಿಗೆ ಜೋಡಿಸುತ್ತಾನೆ.
ಚಿತ್ರಕಲೆಗೆ ಬಿಡಿಗಾಸೂ ಕೊಡುವುದಿಲ್ಲ ಎಂದ ಅವನಪ್ಪ;
ಅವನಮ್ಮ ಆ ಮಾತಿನ ಪಕ್ಕದಲ್ಲೇ ಕೂತು ಬಟಾಣಿ ಸುಲಿದಳು.
ಒಟ್ಟಿಗೇ ಉಳಿದವರನ್ನು ಇಲ್ಲಿ ಕೋರ್ಟು ಕೇಳುವುದಿಲ್ಲ.
‘ನಿನ್ನ ಅಪ್ಪ ಅಮ್ಮ ಬೇರೆಯಾದದ್ದು ನಿನ್ನ ಪುಣ್ಯ’ ಅಂದ.
ನಗಬೇಕೋ ಬೇಡವೋ ತಿಳಿಯದೆ
ಇಬ್ಬರೂ ಅವನ ಸಿಗರೇಟಿನ ತುದಿ ನೋಡಿದೆವು.

ಕಟ್ಟೆಯ ಮೇಲಿಂದ ನ್ಯಾಯಾಧೀಶರು ನನ್ನನ್ನು ಪಾಲು ಹಾಕಿದರು:
ನಲವತ್ತು ಅಪ್ಪನದು, ಇಪ್ಪತ್ತೈದು ಅಮ್ಮನದು,
ಉಳಿದ ಮೂವತ್ತೈದು ನನ್ನದೇ.
ನನ್ನ ಖರ್ಚಿಗೆ ನಾನೂ ಒಬ್ಬ ಪೋಷಕಿ.
ಮತ್ತೊಂದು: ಹಣ ಕೊಡುವವರಿಗೆ
ಅಂಕಪಟ್ಟಿ ನೋಡುವ ಹಕ್ಕುಂಟು.

ಎಂಟು ತಿಂಗಳಾದ ಮೇಲೆ ಅಪ್ಪನ ಫೋನು.
‘ರಸಾಯನಶಾಸ್ತ್ರ ಯಾಕೆ ಹೀಗೆ?’
ನಾನು ಸುಮ್ಮನಿದ್ದೆ. ಹಿಂದೆ ದೋಣಿಯ ಕೊಂಬು ಊದಿತು.
‘ಇದೇನಿದು, ನದಿಗಳ ಭೂಗೋಳ? ಎ ಬಂದಿದೆ.
ಅದರಲ್ಲಿ ಏನು ಹೇಳಿಕೊಡ್ತಾರೆ?’
ಲಾಕು ಹೇಗೆ ತುಂಬುತ್ತದೆಂದು
ಅವನಿಗೇ ವಿವರಿಸತೊಡಗಿದೆ, ಮೂರ್ಖಳಂತೆ.
‘ಹತ್ತು ನಿಮಿಷ ಅಂತಾರಾ? ಪುಸ್ತಕದವರು!’ ಎಂದು ಇಟ್ಟುಬಿಟ್ಟ.

ಮೊದಲ ಚೆಕ್ಕಿನ ಮೂಲೆಯಲ್ಲಿ ‘ಆದೇಶದಂತೆ’ ಎಂದು ಬರೆದಿದ್ದ.
ಎರಡನೆಯದರಲ್ಲೂ ಅದೇ,
ಪೆನ್ನು ಕಾಗದ ಹರಿಯುವಷ್ಟು ಒತ್ತಿ.
ಮೂರನೆಯದರಲ್ಲಿ:
‘ಗಡಿಯಾರ ಹಿಡಿದು ನೋಡಿದೆ. ಹದಿನೇಳು.’

ಅಮ್ಮನಿಗೆ ತೋರಿಸಿದೆ. ಮೊತ್ತ ಸರಿಯಿದೆಯೇ ಎಂದಷ್ಟೇ ನೋಡಿದಳು.
ಶರತ್ಕಾಲದ ಬಿಲ್ಲಿಗೆ ತಿಂಗಳಿಗೆ ಐವತ್ತು ಡಾಲರು ಕಟ್ಟುತ್ತಾಳೆ,
ಪ್ರತಿಸಲ ಪೆನ್ಸಿಲಿನಲ್ಲಿ ಕಳೆಯುತ್ತ.
ಅದಿನ್ನೂ ಫ್ರಿಜ್ಜಿನ ಮೇಲೇ ಇದೆ.
ಜೋಳದ ತೆನೆ ಒಂದು ಕಡೆ ಮುಕ್ಕಾಗಿದೆ.