ಐದೂವರೆಯ ಬಿಸಿಲು

ಶಹಾಬಾದ ಸ್ಟೇಷನ್ ಎದುರು ನಮ್ಮ ಸ್ಟುಡಿಯೋ.
ರೈಲು ಹೋದಾಗೆಲ್ಲ ಮಾನಿಟರ್ ನಡುಗುತ್ತದೆ,
ಸತ್ತವರೂ ಒಂದಿಷ್ಟು ತಲೆಯಾಡಿಸುತ್ತಾರೆ.

ಜಗದೇವಿ ಬಂದಳು, ವಾಡಿ ದವಾಖಾನೆಯ ನರ್ಸು.
ಚೀಲದೊಳಗಿನ ಪೇಪರಿನೊಳಗಿನ
ಹಳೇ ಕ್ಯಾಲೆಂಡರಿನೊಳಗಿಂದ
ಅಂಗೈಯಗಲದ ಫೋಟೋ ತೆಗೆದಳು.
"ಹೊಸ ಮನಿ ಕಟ್ಟೀವ್ರಿ, ಗ್ವಾಡಿಗಿ ಹಾಕಬೇಕು.
ಎಲ್ಲಾರೂ ಅದೀವಿ ಇದರಾಗ.
ಅಪ್ಪ ಒಬ್ಬ ಇಲ್ಲ. ಕೂಡಸ್ರಿ."
ಜೊತೆಗೆ ಒಂದು ಗೇಟ್‌ಪಾಸು:
ಅರ್ಧ ಕೆನ್ನೆಯನ್ನು ಸೀಲಿನ ನೀಲಿ ತಿಂದ ಗಂಡಸು.

ಫರಸಿ ಕಲ್ಲಿನ ಅಟ್ಟಿ. ಅದರ ಮುಂದೆ ತಾಯಿ,
ಮೂರು ಮಕ್ಕಳು, ಯಾರದೋ ಆಡು.
ಬಿಸಿಲಿಗೆ ಎಲ್ಲರ ಕಣ್ಣೂ ಕಿರಿದು, ಆಡಿನದೂ.

ನಮ್ಮ ಕೆಲಸ ಶುರುವಾಗುವುದು ಕಸ ಗುಡಿಸುವುದರಿಂದ.
ಗೀರು ಮುಚ್ಚಿದೆ. ಹುಳ ತಿಂದ ಮೂಲೆಗೆ ಆಕಾಶ ತುಂಬಿದೆ.
ತಾಯಿಯ ಕೂದಲಲ್ಲಿ ಬಿಳಿ ಚುಕ್ಕಿ, ಬೂಷ್ಟಿರಬೇಕು,
ಒಂದೊಂದೇ ಒರೆಸಿದೆ.
ಕೆಳಗೆ ನೆಲದ ಮೇಲೆ ಉದ್ದಕ್ಕೆ ಚಾಚಿದ ಕಪ್ಪು.
ಪಕ್ಕದ ಕಲ್ಲಿನ ಬಣ್ಣ ತಂದು
ಅದನ್ನೂ ಮುಚ್ಚಿದೆ.

ಇನ್ನು ಅಪ್ಪ.
ಕತ್ತರಿಸುವುದು ಸುಲಭ, ನಿಲ್ಲಿಸುವುದು ಕಷ್ಟ.
ಆಡಿನ ಬಲಕ್ಕಿಟ್ಟರೆ
ಕರೆಯದೆ ಊಟಕ್ಕೆ ಬಂದವನ ಹಾಗೆ,
ತಾಯಿಯ ಮಗ್ಗುಲಿಗೆ ತಂದರೆ
ಅವಳ ಭುಜವೇ ಸರಿದುಕೊಂಡ ಹಾಗೆ.
ಕೊರಳ ಕೆಳಗೆ ಅವನಿಗೆ ಏನೂ ಇರಲಿಲ್ಲ,
ನಮ್ಮ ಗೌಸ್ ಮಾಮಾನ ಶರಟು ತೊಡಿಸಿದೆ.
ಆದರೂ ಬಿಸಿಲು ಒಪ್ಪಲಿಲ್ಲ.
ಇವರ ಮೇಲೆ ಸಂಜೆ ಐದೂವರೆ,
ಅವನ ಮೇಲೆ ಟ್ಯೂಬ್‌ಲೈಟು.
ಮಕ್ಕಳಂತೂ ಅವನತ್ತ ನೋಡಲೇ ಇಲ್ಲ.
ನನ್ನ ಕಡೆ ನೋಡುತ್ತಿದ್ದರು,
ನಾನು ಕೂತ ಜಾಗದಲ್ಲಿ
ಬೇರೆ ಯಾರೋ ಇದ್ದಂತೆ.

ಮರುದಿನ ತಾಯಿಯೂ ಬಂದಳು, ಸಾಬಮ್ಮ.
ಸ್ಕ್ರೀನಿಗೆ ಮೂಗು ತಾಗುವಷ್ಟು ಬಗ್ಗಿ,
"ಈಕಿ ಯಾರು?"
"ನೀನೇ ಯವ್ವಾ."
"ನಾ ಅಲ್ಲ. ನನ್ನ ತಲ್ಯಾಗಿನ ಪುಡಿ ಎಲ್ಲಿ ಹೋತು?
ಹದಿನಾರು ವರ್ಷ ಪಾಲಿಶ್ ಮಿಷನ್ ಮುಂದ ನಿಂತೀನಿ.
ಎಣ್ಣಿ ಹಚ್ಚಿದ್ರ ಗಾರಿ ಆಗತಿತ್ತು ತಲಿ.
ಅದು ಹೊಲಸಲ್ಲ ತಂಗಿ,
ಅದು ನನ್ನ ಪಗಾರ."

ಧೂಳು ತರಬೇಕೆಂದರೆ
ಬಂದ ದಾರಿಯಲ್ಲೇ ಹಿಂದೆ ಹೋಗಬೇಕು.
ಕಂಟ್ರೋಲ್ ಝಡ್: ಶರಟು ಹೋಯಿತು.
ಕಂಟ್ರೋಲ್ ಝಡ್: ಅಪ್ಪ ಹೋದ.
ಇನ್ನೊಂದು ಸಲ ಒತ್ತಿದೆ,
ಕಲ್ಲಿನ ಮೇಲೆ ಆ ಕಪ್ಪು ಮತ್ತೆ ಮಲಗಿತು.

"ತಡಿ."
ಬಿರುಕುಬಿಟ್ಟ ಬೆರಳು ಗಾಜಿನ ಮೇಲೆ.

ಈಗ ನನಗೂ ಕಂಡಿತು. ಕಲೆಯಲ್ಲ,
ಮೊಣಕೈ ಎರಡೂ ಎತ್ತಿ
ಮುಖಕ್ಕೆ ಏನೋ ಹಿಡಿದುಕೊಂಡು ನಿಂತವನ ನೆರಳು.

"ಮುಕಾದಮನ ಕ್ಯಾಮೆರಾ ಇಸಗೊಂಡು ಬಂದಿದ್ದ.
ಅಲುಗಬ್ಯಾಡ್ರಿ, ಅಲುಗಬ್ಯಾಡ್ರಿ ಅಂತ
ತಾನೇ ಅಲುಗತಿದ್ದ.
ಆ ದೀಪಾವಳಿಗಿ ಸೋಲಾಪುರದ ಲಾರಿ ಹತ್ತಿದಂವ
ಹತ್ತಿದಂವನೇ."
ಜಗದೇವಿ ಪಾಸ್‌ಪೋರ್ಟ್ ಫೋಟೋದ ನೀಲಿ ಪರದೆಯ ಕಡೆ
ಮುಖ ತಿರುಗಿಸಿದಳು.

ಸಾಬಮ್ಮನಿಗೆ ನಗು ಬಂದುಬಿಟ್ಟಿತು.
"ಮನ್ಯಾಗ ಇದ್ದಷ್ಟು ದಿನ
ಒಮ್ಮಿ ತಲಿ ತಗ್ಗಿಸಿದಂವ ಅಲ್ಲ.
ಇಲ್ಲಿ ನೋಡು, ನನ್ನ ಕಾಲಾಗ ಬಿದ್ದಾನ!
ಇರಲಿ ಬಿಡು ಹಂಗೇ."

ಇನ್ನೂ ಹಿಂದೆ ಹೋದೆ. ಕೂದಲಿಗೆ
ಕಣಕಣವಾಗಿ ಪುಡಿ ಬಂದು ಕೂತಿತು.
ಗೇಟ್‌ಪಾಸನ್ನು ಜಗದೇವಿ
ಎರಡೂ ಕೈಯಿಂದ ಎತ್ತಿಕೊಂಡು
ಪರ್ಸಿನ ಒಳಜೇಬಿಗೆ ಹಾಕಿದಳು.

ಏನೂ ಮಾಡದ್ದಕ್ಕೆ ಎಷ್ಟು ಬಿಲ್ಲು,
ಅಂತ ಗೌಸ್ ಮಾಮಾ ಕೇಳಿದ.
ಮಾಡಿದ್ದು ಒಂದೇ:
ಕಟ್ಟಿನ ಕಟ್ಟಿಗೆ ಅವನನ್ನು ಸೊಂಟದಲ್ಲಿ
ಕಡಿಯದಿರಲಿ ಎಂದು
ಕೆಳಗಿನ ಅಂಚಿಗೆ ಒಂದು ಬೆರಳಗಲ ಫರಸಿ ಬೆಳೆಸಿದೆ.
ಆ ಚಿತ್ರದಲ್ಲಿ ನನ್ನ ಸುಳ್ಳು
ಅಷ್ಟೇ.